ಸಜ್ಜಾ, ಹೊಂಗೆ, ತರಗೆಲೆ: ಟಾಟಾ ಇನ್‌ಸ್ಟಿಟ್ಯೂಟಿನ ವಿಭಾಗಗಳು ತಂಪಾಗಿರುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಯಶವಂತಪುರ, ಮಲ್ಲೇಶ್ವರದ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅದರ ಫೋಟೊ ಎಲ್ಲಿ ಬಂದರೂ ಒಂದೇ ನೋಟ. ಬೂದುಬಣ್ಣದ ಕಲ್ಲಿನ ಗೋಪುರ, ಅದರ ಮುಂದೆ ಜಮ್‌ಶೆಟ್‌ಜಿ ಟಾಟಾ ಅವರ ಸ್ಮಾರಕ, ಸುತ್ತ ಹಸಿರು. ನೋಡಲು ಚೆಂದ, ಅನುಮಾನವೇ ಇಲ್ಲ. ಆದರೆ ಆ ಕಟ್ಟಡದಲ್ಲಿ ಈಗ ಇರುವುದು ಆಡಳಿತ ಕಚೇರಿ. ಪಾಠ, ಪ್ರಯೋಗ, ರಾತ್ರಿಯೆಲ್ಲ ಉರಿಯುವ ದೀಪ ಇವೆಲ್ಲ ಇರುವುದು ಮರಗಳ ಹಿಂದೆ ಅರ್ಧ ಮರೆಯಾದ ವಿಭಾಗಗಳ ಕಟ್ಟಡಗಳಲ್ಲಿ. ಅಂಥ ವಿಭಾಗಗಳು ಅಲ್ಲಿ ನಲವತ್ತಕ್ಕೂ ಜಾಸ್ತಿ ಇವೆ.

ಈ ಕಟ್ಟಡಗಳನ್ನೂ ಅವುಗಳ ಸುತ್ತಲಿನ ಮರಗಳನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಮಾತು. ಏಪ್ರಿಲ್ ಮಧ್ಯಾಹ್ನ ಒಂದು ಕೋಣೆಯೊಳಗೆ ಕೂತು ಕೆಲಸ ಮಾಡಲು ಆಗುತ್ತದೋ ಇಲ್ಲವೋ ಅನ್ನುವುದು ಗೋಡೆ, ಕಿಟಕಿಯ ಮೇಲೆ ನಿಂತಿದೆ. ಹೊರಗಿನ ಮರದ ಮೇಲೂ, ಆ ಮರದ ಬುಡದ ಮಣ್ಣಿನ ಮೇಲೂ ಅಷ್ಟೇ ನಿಂತಿದೆ. ಹೇಗೆ ಅಂತ ನೋಡೋಣ.

ಮೊದಲು ಜಾಗದ ಕಥೆ ಸ್ವಲ್ಪ. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಗೋಪುರದ ಕಟ್ಟಡದ ನಕ್ಷೆ ಮಾಡಿದ್ದು ಮುಂಬೈಯ ಸಿ. ಎಫ್. ಸ್ಟೀವನ್ಸ್ ಕಂಪನಿ, 1912-13ರಲ್ಲಿ. ಟಾಟಾ ಸ್ಮಾರಕ ಗಿಲ್ಬರ್ಟ್ ಬೇಯ್ಸ್ ಎಂಬ ಇಂಗ್ಲಿಷ್ ಶಿಲ್ಪಿಯ ಕೆಲಸ. ಆಗ ಅದು ಊರಾಚೆಯ ಒಣ ಬಯಲು. ಈಗ ಕಾಣುವ ಹಸಿರಿನಲ್ಲಿ ಬಹುಪಾಲು ಮನುಷ್ಯರು ನೆಟ್ಟು ಬೆಳೆಸಿದ್ದು.

ನನಗೆ ಗೋಪುರಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ನಂತರ ಬಂದ ಕಟ್ಟಡಗಳು. ಅದರಲ್ಲೂ ಓಟೊ ಕೋನಿಗ್ಸ್‌ಬರ್ಗರ್ ಮಾಡಿದವು. ಇವರು 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯಲ್ಲಿ ಇವರ ಕೆಲಸ ಹೋಯಿತು. ಕೆಲವು ವರ್ಷ ಈಜಿಪ್ಟ್‌ನಲ್ಲಿದ್ದು, 1939ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕೋನಿಗ್ಸ್‌ಬರ್ಗರ್ ಅವರ ಸೋದರಮಾವ ಯಾರು ಗೊತ್ತಾ? ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ. ವಿ. ರಾಮನ್ ನಿರ್ದೇಶಕರಾಗಿದ್ದಾಗ, 1935-36ರಲ್ಲಿ, ಬಾರ್ನ್ ಕೆಲವು ತಿಂಗಳು ಇದೇ ಸಂಸ್ಥೆಯಲ್ಲಿದ್ದರು. ಮಾವ ಬಂದು ಹೋದ ಜಾಗದಲ್ಲೇ ಅಳಿಯ 1940ರ ದಶಕದಲ್ಲಿ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ಹೈಡ್ರೋಜನ್ ಪ್ಲಾಂಟ್, ಊಟದ ಹಾಲ್ ಮತ್ತು ಸಭಾಂಗಣ ಕಟ್ಟಿದರು.

ಈ ಕಟ್ಟಡಗಳಲ್ಲಿ ಗೋಪುರ ಇಲ್ಲ, ಕಮಾನುಗಳ ಸಾಲಿಲ್ಲ. ಥಟ್ಟನೆ ನೋಡಿದರೆ ಸಾಧಾರಣ ಸರ್ಕಾರಿ ಕಟ್ಟಡಗಳ ಹಾಗೆ ಕಾಣುತ್ತವೆ. ಕೋನಿಗ್ಸ್‌ಬರ್ಗರ್ ತಲೆ ಕೆಡಿಸಿಕೊಂಡಿದ್ದು ಬಿಸಿಲು ಮತ್ತು ಗಾಳಿಯ ಬಗ್ಗೆ. ಮುಂದೆ ಲಂಡನ್ನಿಗೆ ಹೋಗಿ ಉಷ್ಣವಲಯದ ಕಟ್ಟಡ ವಿದ್ಯೆಯನ್ನೇ ಕಲಿಸುವ ವಿಭಾಗವನ್ನು ಕಟ್ಟಿ ಬೆಳೆಸಿದರು. ಆ ವಿದ್ಯೆಯ ಒಂದಷ್ಟು ಪಾಠ ಅವರು ಕಲಿತದ್ದು ನಮ್ಮ ಬೆಂಗಳೂರಿನ ಬಿಸಿಲಿನಲ್ಲಿ.

ಆ ಪಾಠ ಕಷ್ಟದ್ದಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣದ ಕಡೆ ತೀರಾ ವಾಲಿದಾಗಲೂ, ಮಧ್ಯಾಹ್ನ ಅವನ ಎತ್ತರ ಸುಮಾರು 54 ಡಿಗ್ರಿ.

ಇದನ್ನು ಕಿಟಕಿಯ ಮೇಲಿನ ಸಜ್ಜಾಗೆ ಹೊಂದಿಸಿ ನೋಡಿ. ದಕ್ಷಿಣ ಗೋಡೆಯಲ್ಲಿ ಒಂದು ಕಿಟಕಿ, ಅದರ ಮೇಲೆ ಎರಡಡಿ ಮುಂದಕ್ಕೆ ಚಾಚಿದ ಸಜ್ಜಾ. ಮಾರ್ಚ್ 21ರ ಮಧ್ಯಾಹ್ನ ಅದರ ನೆರಳು ಗೋಡೆಯ ಮೇಲೆ ಎಂಟೂವರೆ ಅಡಿ ಕೆಳಗಿನವರೆಗೆ ಬೀಳುತ್ತದೆ. ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರ್ ಮಧ್ಯಾಹ್ನ ಅದೇ ಸಜ್ಜಾದ ನೆರಳು ಎರಡೂಮುಕ್ಕಾಲು ಅಡಿಗೆ ನಿಲ್ಲುತ್ತದೆ. ನಾಲ್ಕಡಿ ಕಿಟಕಿಯ ಕೆಳಭಾಗದಿಂದ ಚಳಿಗಾಲದ ಎಳೆ ಬಿಸಿಲು ಒಳಗೆ ಬರುತ್ತದೆ. ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ಕರೆಂಟಿಲ್ಲ, ಗುಂಡಿ ಒತ್ತುವುದಿಲ್ಲ. ಉತ್ತರ ಗೋಡೆಯಲ್ಲಿ ಇನ್ನೂ ಸುಲಭ. ಜೂನ್ 21ರ ಮಧ್ಯಾಹ್ನವೂ ಎರಡಡಿ ಸಜ್ಜಾ ಹತ್ತಡಿಗಿಂತ ಜಾಸ್ತಿ ನೆರಳು ಕೊಡುತ್ತದೆ. ಬೆಳಿಗ್ಗೆ ಸಂಜೆ ಓರೆಯಾಗಿ ಬೀಳುವ ಬಿಸಿಲಿಗೆ ಕಿಟಕಿಯ ಪಕ್ಕದಲ್ಲಿ ಒಂದು ನಿಂತ ಪಟ್ಟಿ ಇದ್ದರೆ ಸಾಕು.

ಈಗ ಪಶ್ಚಿಮಕ್ಕೆ ಬನ್ನಿ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕು ಇಪ್ಪತ್ತರ ಹೊತ್ತಿಗೆ ಸೂರ್ಯ ಕೇವಲ 31 ಡಿಗ್ರಿ ಎತ್ತರದಲ್ಲಿ, ನೇರ ಎದುರಿಗೇ ಇರುತ್ತಾನೆ. ಅದೇ ಎರಡಡಿ ಸಜ್ಜಾ ಈ ಗೋಡೆಗೆ ಕೊಡುವ ನೆರಳು ಒಂದಡಿ ಚಿಲ್ಲರೆ. ಉಳಿದ ಕಿಟಕಿಯೆಲ್ಲ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತದೆ. ಇಡೀ ದಿನ ಕಾದ ಗಾಳಿಯ ಜೊತೆ ಈ ನೇರ ಬಿಸಿಲೂ ಸೇರಿ ಕೋಣೆ ಬೇಯುತ್ತದೆ. ಆದ್ದರಿಂದಲೇ ಬಿಸಿಲು ಬಲ್ಲವರು ಕಟ್ಟಡದ ಉದ್ದನೆಯ ಮೈಯನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸುತ್ತಾರೆ, ಗಿಡ್ಡ ಮೈಯನ್ನು ಪೂರ್ವ-ಪಶ್ಚಿಮಕ್ಕೆ. ಪಶ್ಚಿಮದ ತುದಿಗೆ ಮೆಟ್ಟಿಲು, ಸ್ಟೋರ್ ರೂಮ್, ಶೌಚಾಲಯ. ಯಾವುದಾದರೂ ಹಳೆಯ ವಿಭಾಗದ ಮುಂದೆ ನಿಂತು ಮೊದಲು ದಿಕ್ಕು ಗುರುತಿಸಿ. ಅರ್ಧ ಕಟ್ಟಡ ಅರ್ಥವಾದ ಹಾಗೆಯೇ.

ಇನ್ನು ಗಾಳಿ. ಕೋಣೆಯ ಒಂದೇ ಗೋಡೆಯಲ್ಲಿ ಕಿಟಕಿ ಇದ್ದರೆ, ಚಾವಣಿಯ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಗಾಳಿ ಒಳಗೆ ಬರುತ್ತದೆ ಅನ್ನುವುದು ಕಟ್ಟುವವರ ಅಂದಾಜು ಲೆಕ್ಕ. ಹತ್ತಡಿ ಚಾವಣಿ ಇದ್ದರೆ 20, 25 ಅಡಿ. ಎದುರುಬದುರು ಗೋಡೆಗಳಲ್ಲಿ ಕಿಟಕಿ ಇದ್ದರೆ ಅದು ಐದು ಪಟ್ಟಿಗೆ, ಅಂದರೆ 50 ಅಡಿಗೆ ಏರುತ್ತದೆ. ಹಾಗಾಗಿ ಕಾರಿಡಾರನ್ನು ನಡುವೆ ಇಟ್ಟು ಎರಡೂ ಕಡೆ ಕೋಣೆ ಮಾಡಿದರೆ ಗಾಳಿ ಸತ್ತುಹೋಗುತ್ತದೆ. ಕಾರಿಡಾರನ್ನು ಒಂದೇ ಬದಿಗೆ ತೆರೆದ ಪಡಸಾಲೆಯಂತೆ ಮಾಡಿದರೆ ಕೋಣೆಯ ಮೂಲಕ ಗಾಳಿ ಹಾದುಹೋಗುತ್ತದೆ. ಆ ಪಡಸಾಲೆಯೇ ಗೋಡೆಗೆ ನೆರಳು, ಮಳೆಗೆ ಮರೆ, ಹುಡುಗರು ನಿಂತು ಹರಟುವ ಜಾಗ.

ಹಳೆಯ ಕಟ್ಟಡಗಳಲ್ಲಿ ಬಾಗಿಲ ಮೇಲೆ ಒಂದು ವೆಂಟಿಲೇಟರ್ ಇರುತ್ತದೆ, ನೋಡಿರುತ್ತೀರಿ. ನಡುವೆ ತಿರುಗುವ ಕೀಲು, ಎಳೆಯಲು ಒಂದು ಹುರಿ. ಬಾಗಿಲು ಮುಚ್ಚಿದ್ದರೂ ಮೇಲಕ್ಕೆ ಏರಿದ ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗಬೇಕು, ಅದಕ್ಕೇ ಅದು ಇರುವುದು. ಎಷ್ಟೋ ಕಾಲೇಜುಗಳಲ್ಲಿ ಈಗ ಅದು ಪೇಂಟ್ ಬಳಿದು ಬಳಿದು ಅಂಟಿಕೊಂಡಿದೆ. ಇಲ್ಲವೇ ಎಸಿ ಹಾಕಿಸುವಾಗ ಪ್ಲೈವುಡ್ ಹೊಡೆದು ಮುಚ್ಚಿದ್ದಾರೆ. ಆ ಹುರಿ ಏನು ಕೆಲಸ ಮಾಡುತ್ತಿತ್ತು ಅಂತ ಯಾರಿಗೂ ನೆನಪಿಲ್ಲದಾಗ ಕಟ್ಟಡ ತನ್ನ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ.

ಬೆಂಗಳೂರಿಗೆ ಇನ್ನೊಂದು ಭಾಗ್ಯ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಹಗಲು 34 ಡಿಗ್ರಿ ಹತ್ತಿರ ಇದ್ದರೆ, ರಾತ್ರಿ 22ರ ಹತ್ತಿರಕ್ಕೆ ಇಳಿಯುತ್ತದೆ. ದಪ್ಪ ಕಲ್ಲು, ಇಟ್ಟಿಗೆಯ ಗೋಡೆ ಹಗಲಿನ ಶಾಖ ಹೀರಿಕೊಂಡು ಒಳಗೆ ಬಿಡಲು ತಡಮಾಡುತ್ತದೆ. ಅಷ್ಟರಲ್ಲಿ ಸಂಜೆ ಆಗಿರುತ್ತದೆ. ರಾತ್ರಿ ಮೇಲಿನ ವೆಂಟಿಲೇಟರ್ ತೆರೆದಿದ್ದರೆ ಗೋಡೆ ಮತ್ತೆ ತಣ್ಣಗಾಗಿ ಮಾರನೇ ದಿನಕ್ಕೆ ತಯಾರಾಗುತ್ತದೆ. ತೆಳು ಗಾಜಿನ ಗೋಡೆಗೆ ಈ ತಾಳ್ಮೆ ಇಲ್ಲ.

ವಿಭಾಗದ ಕೆಲಸವೇ ಕಟ್ಟಡದ ಆಕಾರ ತೀರ್ಮಾನಿಸುವುದೂ ಉಂಟು. ವಿಮಾನಶಾಸ್ತ್ರ ವಿಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಶುರುವಾದ ವಿಭಾಗ ಅದು. ವಿಮಾನದ ಮಾದರಿಯ ಮೇಲೆ ಗಾಳಿ ಹರಿಸಿ ಪರೀಕ್ಷೆ ಮಾಡಲು ಗಾಳಿ ಸುರಂಗ ಬೇಕು. ಅದರಲ್ಲಿ ಎರಡು ಬಗೆ. ಮುಚ್ಚಿದ ಸುರಂಗದಲ್ಲಿ ಒಂದೇ ಗಾಳಿ ಉಂಗುರದಂತೆ ಸುತ್ತುತ್ತಲೇ ಇರುತ್ತದೆ. ತೆರೆದ ಸುರಂಗ ಹೊರಗಿನ ಗಾಳಿಯನ್ನು ಒಂದು ಬಾಯಿಂದ ಎಳೆದು ಇನ್ನೊಂದು ಕಡೆಯಿಂದ ಹೊರಗೆ ಬಿಡುತ್ತದೆ. 1959ರಲ್ಲಿ ಅಲ್ಲಿ ಕಟ್ಟಿದ ತೆರೆದ ಸುರಂಗದಲ್ಲಿ ಮಾದರಿ ಇಡುವ ಜಾಗವೇ 14 ಅಡಿ ಅಗಲ, 9 ಅಡಿ ಎತ್ತರ. ಇಷ್ಟು ದೊಡ್ಡ ಬಾಯಿ ಗಾಳಿ ಎಳೆಯುವಾಗ ಹೊರಗೆ ಏನಿದೆ ಅನ್ನುವುದು ಮುಖ್ಯವಾಗುತ್ತದೆ. ಧೂಳಿನ ಬಯಲಿದ್ದರೆ ಧೂಳೇ ಒಳಗೆ. ಎದುರಿಗೆ ಇನ್ನೊಂದು ಕಟ್ಟಡ ಎದ್ದರೆ ಗಾಳಿ ಒಂದೇ ಸಮನೆ ಒಳಗೆ ಬರುವುದಿಲ್ಲ. ಖಾಲಿ ಜಾಗ ಅಂತ ನಮಗೆ ಕಾಣುವುದು ಆ ಯಂತ್ರದ ಒಂದು ಭಾಗ.

ಈಗ ಮರಗಳಿಗೆ ಬರೋಣ. ಈ ಆವರಣದ ರಸ್ತೆಗಳಿಗೆ ಅವುಗಳ ಬದಿಯ ಮರಗಳದ್ದೇ ಹೆಸರು: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ಬಾದಾಮಿ ಮಾರ್ಗ, ತಾಳ ಮಾರ್ಗ, ನೀಲಗಿರಿ ಮಾರ್ಗ, ಸಿಲ್ವರ್ ಓಕ್ ಮಾರ್ಗ. ಪಟ್ಟಿ ನೋಡಿದರೆ ಒಂದು ಕಾಲದ ಅಭಿರುಚಿ ಕಾಣುತ್ತದೆ. ಗುಲ್‌ಮೊಹರ್ ಮಡಗಾಸ್ಕರ್‌ನದು, ನೀಲಗಿರಿ ಮತ್ತು ಸಿಲ್ವರ್ ಓಕ್ ಆಸ್ಟ್ರೇಲಿಯಾದವು, ಮಹಾಗನಿ ಅಮೆರಿಕ ಖಂಡದ್ದು. ಹೂವಿಗಾಗಿ, ಬೇಗ ಬೆಳೆಯುತ್ತದೆ ಅಂತ, ನೇರ ಸಾಲು ಚೆಂದ ಅಂತ ನೆಟ್ಟವು. ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಗಮನಿಸಬೇಕು. ಗುಲ್‌ಮೊಹರ್ ಮೇ ತಿಂಗಳಲ್ಲಿ ಕಣ್ಣಿಗೆ ಹಬ್ಬ. ಆದರೆ ಬಿಸಿಲು ಏರುವ ಫೆಬ್ರುವರಿ, ಮಾರ್ಚ್‌ನಲ್ಲಿ ಅದು ಬೋಳು ನಿಂತಿರುತ್ತದೆ. ಮಳೆಗಾಳಿಗೆ ಕೊಂಬೆ ಮುರಿಯುವುದೂ ಜಾಸ್ತಿ. ನೀಲಗಿರಿಯ ಎಲೆ ತೂಗುಬಿದ್ದಿರುವುದರಿಂದ ಅದರ ನೆರಳು ತೆಳು.

ನಮ್ಮ ಹೊಂಗೆ ನೋಡಿ. ಜನವರಿ, ಫೆಬ್ರುವರಿಯಲ್ಲಿ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ತಿಳಿಹಸಿರು ಚಿಗುರಿನಿಂದ ತುಂಬಿಕೊಂಡಿರುತ್ತದೆ. ಅಂದರೆ ಬಿಸಿಲು ಜೋರಾಗುವ ಮೊದಲೇ ನೆರಳು ಸಿದ್ಧ. ಹಳ್ಳಿಗಳಲ್ಲಿ ಹೊಂಗೆ ನೆರಳನ್ನು ಸುಮ್ನೆ ಹೊಗಳುವುದಿಲ್ಲ. ಪಶ್ಚಿಮದ ಗೋಡೆಗೆ ಸಜ್ಜಾ ಸೋಲುತ್ತದೆ ಅಂದೆನಲ್ಲ, ಅಲ್ಲಿ ಗೆಲ್ಲುವುದು ಇಂಥ ಮರ. ಸಂಜೆಯ ತಗ್ಗು ಬಿಸಿಲನ್ನು ಕಾಂಕ್ರೀಟಿನ ಪಟ್ಟಿಯಿಂದ ತಡೆಯಲು ಹೋದರೆ ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ. ಮೂವತ್ತಡಿ ಮರ ಆ ಕೆಲಸವನ್ನು ಗಾಳಿ ತಡೆಯದೆ ಮಾಡುತ್ತದೆ. ಒಂದು ಷರತ್ತು. ಮರವನ್ನು ಗೋಡೆಗೆ ಅಂಟಿಸಿ ನೆಡಬಾರದು, ಕೆಳಕೊಂಬೆಗಳನ್ನು ಕಿಟಕಿಯ ಎತ್ತರಕ್ಕಿಂತ ಮೇಲಕ್ಕೆ ಸವರಬೇಕು. ಆಗ ನೆರಳೂ ಸಿಗುತ್ತದೆ, ಅದರ ಕೆಳಗಿನಿಂದ ಗಾಳಿಯೂ ಬರುತ್ತದೆ. ಕಿಟಕಿಯ ಮುಂದೆ ಒತ್ತೊತ್ತಾಗಿ ಬೇಲಿಗಿಡ ಬೆಳೆಸುವುದು ಇದಕ್ಕೆ ಪೂರ್ತಿ ಉಲ್ಟಾ.

ಮರದ ತಂಪು ಬರೀ ನೆರಳಿನದಲ್ಲ. ಬೇರಿನಿಂದ ಮೇಲೇರಿದ ನೀರು ಎಲೆಗಳಿಂದ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 0.68 ಯೂನಿಟ್ ಕರೆಂಟಿಗೆ ಸಮ. ದೊಡ್ಡ ಮರವೊಂದು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಆವಿ ಮಾಡುತ್ತದೆ. ಇದಕ್ಕೆ ಬುಡದಲ್ಲಿ ನೀರಿರಬೇಕು, ನೀರು ಇಂಗಲು ಮಣ್ಣು ತೆರೆದಿರಬೇಕು. ಮರದ ಸುತ್ತ ಕಾಂಡದವರೆಗೂ ಟೈಲ್ಸ್ ಹಾಕಿ, ಮರ ಉಳಿಸಿದ್ದೇವೆ ಅಂತ ಹೇಳುವ ಆವರಣಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಮರ ನಿಂತಿದೆ, ಅಷ್ಟೇ.

ನೀರಿನ ಲೆಕ್ಕವನ್ನೂ ಹಾಕಿಬಿಡೋಣ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರ ಮೀಟರ್ ತಾರಸಿ ಇರುವ ಒಂದು ವಿಭಾಗದ ಮೇಲೆ ವರ್ಷಕ್ಕೆ ಬೀಳುವ ನೀರು ಒಂಬತ್ತೂವರೆ ಲಕ್ಷ ಲೀಟರಿಗೂ ಜಾಸ್ತಿ. ಅದು ನೇರ ಚರಂಡಿಗೆ ಹೋದರೆ ರಸ್ತೆಯಲ್ಲಿ ನೆರೆ. ಮರಗಳ ನಡುವಿನ ತಗ್ಗಿಗೆ ತಿರುಗಿಸಿದರೆ ಮಣ್ಣೊಳಗೆ ಇಂಗುತ್ತದೆ. ಹುಲ್ಲುಹಾಸು ಇದಕ್ಕೆ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಅದರ ಬೇರು ಮೇಲ್ಮೇಲೆ ಇರುತ್ತದೆ, ಜನವರಿಯಿಂದ ಏಪ್ರಿಲ್‌ವರೆಗೆ ಅದಕ್ಕೇ ನೀರು ಹನಿಸುತ್ತಿರಬೇಕು. ಗೋಪುರದ ಮುಂದೆ ಒಂದು ಹುಲ್ಲುಹಾಸು ಇರಲಿ, ಬೇಡ ಅನ್ನುವುದಿಲ್ಲ. ಪ್ರತಿ ವಿಭಾಗದ ಮುಂದೆಯೂ ಯಾಕೆ?

ತರಗೆಲೆ ಇದಕ್ಕಿಂತ ಎಷ್ಟೋ ವಾಸಿ. ಉದುರಿದ ಎಲೆಯನ್ನು ಗುಡಿಸದೆ ಬಿಟ್ಟರೆ ಮಣ್ಣು ಒಣಗುವುದಿಲ್ಲ, ಎರೆಹುಳು ಬರುತ್ತದೆ, ಮಣ್ಣು ಸಡಿಲವಾಗಿ ನೀರು ಕುಡಿಯುತ್ತದೆ. ಇದು ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಅದೇ ಆವರಣದಲ್ಲಿ ಪರಿಸರ ವಿಜ್ಞಾನ ಕೇಂದ್ರದ ಹತ್ತಿರ ಒಂದು ಕಿರು ಕಾಡಿದೆ. 1980ರ ದಶಕದಲ್ಲಿ ಕುರುಚಲು ಜಾಗದಲ್ಲಿ ಪಶ್ಚಿಮಘಟ್ಟದ ಜಾತಿಯ ಸಸಿಗಳನ್ನು ನೆಟ್ಟು ಬೆಳೆಸಿದ್ದು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಕಟ್ಟಿದ ಕೇಂದ್ರ ಅದು. ಮಲೆನಾಡಿನ ಮರ ಬಯಲುಸೀಮೆಯಲ್ಲಿ ಬದುಕುತ್ತದಾ ಅಂತ ಯಾರಿಗಾದರೂ ಅನುಮಾನ ಬರುವುದು ಸಹಜ. ಬದುಕಿವೆ, ಒಂದರ ಮೇಲೊಂದು ಹಬ್ಬಿ ನೆಲಕ್ಕೆ ಬಿಸಿಲು ಬೀಳದಷ್ಟು ದಟ್ಟವಾಗಿವೆ. ಒಂದು ವಿಭಾಗ ತಾನು ಕಲಿಸುವ ಪಾಠವನ್ನು ತನ್ನ ಬಾಗಿಲ ಮುಂದೆ ನೆಟ್ಟು ತೋರಿಸಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಊರಿನ ಇನ್ನೊಂದು ತುದಿಯಲ್ಲಿ, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ, ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರು. ಅಲ್ಲಿ ಕಟ್ಟಡ ಒಂದು ಕಡೆ, ತೋಟ ಇನ್ನೊಂದು ಕಡೆ ಅಂತ ಇಲ್ಲ. ಒರಟು ಕಲ್ಲಿನ ಗೋಡೆಗಳ ನಡುವೆ ಉದ್ದುದ್ದ ಕಾರಿಡಾರುಗಳು. ಕೆಲವು ಪೂರ್ತಿ ಮುಚ್ಚಿದವು, ಕೆಲವು ಮೇಲೆ ಬರೀ ತೊಲೆಗಳಿದ್ದು ಆಕಾಶ ಕಾಣುವವು. ಆ ತೊಲೆಗಳ ಮೇಲೆ ಬಳ್ಳಿ ಹಬ್ಬಿದೆ. ಫತೇಪುರ್ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದ ವಿನ್ಯಾಸ ಅದು. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಹೊತ್ತು ಹೊರಗೇ ಕೂತು ಮಾತಾಡಬಹುದು ಅನ್ನುವ ನಂಬಿಕೆ ಅದರ ತಳಪಾಯ.

ಹಾಗಂತ ಎಲ್ಲ ಪ್ರಯೋಗಾಲಯವನ್ನೂ ಗಾಳಿಗೆ ತೆರೆದಿಡಲು ಆಗುವುದಿಲ್ಲ. ನ್ಯಾನೋ ವಿಜ್ಞಾನ ಕೇಂದ್ರದ ಕ್ಲೀನ್ ರೂಮಿನೊಳಗೆ ಧೂಳಿನ ಒಂದು ಕಣ ಬಂದರೂ ಕೆಲಸ ಕೆಡುತ್ತದೆ. ಅಲ್ಲಿ ಗಾಳಿಯನ್ನು ಸೋಸಬೇಕು, ತೇವಾಂಶ ಹಿಡಿತದಲ್ಲಿರಬೇಕು, ಎಸಿ ಬೇಕೇ ಬೇಕು. ಸೂಕ್ಷ್ಮದರ್ಶಕಗಳಿಗೆ ನೆಲ ಅಲುಗಾಡಬಾರದು, ಆದ್ದರಿಂದ ರಸ್ತೆಯಿಂದ ದೂರ ಬೇಕು. ಅಂದಹಾಗೆ, ಒಂದು ಸಾಲು ಮರ ನೆಟ್ಟರೆ ರಸ್ತೆಯ ಸದ್ದು ನಿಲ್ಲುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸದ್ದು ಕಮ್ಮಿ ಆಗುವುದು ಮುಖ್ಯವಾಗಿ ದೂರದಿಂದ. ಈ ಬೇಡಿಕೆಗಳೆಲ್ಲ ನಿಜ. ಆದರೆ ಕ್ಲೀನ್ ರೂಮಿಗೆ ಬೇಕಾದದ್ದನ್ನು ಮೆಟ್ಟಿಲಿಗೂ, ಕಾರಿಡಾರಿಗೂ, ಮೇಷ್ಟ್ರುಗಳ ಕೋಣೆಗೂ, ಕಾಫಿ ಕುಡಿಯುವ ಜಾಗಕ್ಕೂ ಹರಡಿ ಇಡೀ ಕಟ್ಟಡವನ್ನು ಗಾಜಿನಲ್ಲಿ ಸುತ್ತಿಬಿಡುವುದು ಬೇಕಿಲ್ಲ. ಮುಚ್ಚಬೇಕಾದ ಕೋಣೆಗಳನ್ನು ಒಂದು ಕಡೆ ಸೇರಿಸಿ ಮುಚ್ಚಿ, ಉಳಿದದ್ದನ್ನು ಬೆಂಗಳೂರಿನ ಗಾಳಿಗೆ ಬಿಡಬಹುದು, ಅಲ್ವಾ?

ಹೊಸ ವಿಭಾಗ ಕಟ್ಟುವಾಗ ಮರಗಳ ಪ್ರಶ್ನೆ ಇನ್ನೂ ಕಠಿಣ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕಾಯ್ದೆ ಮರಗಳನ್ನು ಒಂದೊಂದಾಗಿ ಎಣಿಸುತ್ತದೆ. ಈ ಆವರಣದಲ್ಲಿ ಬದುಕುವ ಒಂದು ಪ್ರಾಣಿಗೆ ಮಾತ್ರ ಆ ಎಣಿಕೆ ಸಾಲದು.

ಅದು ಕಾಡುಪಾಪ. ಅಂಗೈ ಮೇಲೆ ಕೂರುವಷ್ಟು ಸಣ್ಣ ದೇಹ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಎರಡು ದುಂಡು ಕಣ್ಣು. ಬಾಲ ಇಲ್ಲ ಅಂತಲೇ ಹೇಳಬೇಕು. ಹಗಲು ಕೊಂಬೆಗಳ ಸಂದಿಯಲ್ಲಿ ಮುದುರಿ ಮಲಗಿ, ಕತ್ತಲಾದ ಮೇಲೆ ಹುಳಹುಪ್ಪಟೆ ಹಿಡಿಯಲು ಹೊರಡುತ್ತದೆ. ಇದನ್ನು ಅಧ್ಯಯನ ಮಾಡುವವರು ಕಣ್ಣಿಗೆ ತೊಂದರೆ ಆಗಬಾರದು ಅಂತ ಕೆಂಪು ಬೆಳಕಿನ ಟಾರ್ಚ್ ಹಿಡಿಯುತ್ತಾರೆ. ಬೆಂಗಳೂರಿನ ನಡುವೆ ಇದು ಉಳಿದಿರುವ ಕೆಲವೇ ಜಾಗಗಳಲ್ಲಿ ಈ ಆವರಣ ಒಂದು. ಕಾಡುಪಾಪ ಕೋತಿಯ ಹಾಗೆ ಜಿಗಿಯುವುದಿಲ್ಲ. ಒಂದು ಕೊಂಬೆಯನ್ನು ಬಿಗಿಯಾಗಿ ಹಿಡಿದು, ನಿಧಾನವಾಗಿ ಕೈ ಚಾಚಿ, ಮುಂದಿನ ಕೊಂಬೆ ಸಿಕ್ಕ ಮೇಲೆ ಹಿಂದಿನದನ್ನು ಬಿಡುತ್ತದೆ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಎರಡು ವಿಭಾಗಗಳ ನಡುವೆ ಒಂದೇ ಮರ ಕಡಿದರೂ, ಇಲ್ಲವೇ ರಸ್ತೆಯ ಮೇಲೆ ಸೇರಿಕೊಂಡ ಕೊಂಬೆಗಳನ್ನು ಸವರಿದರೂ, ಆ ದಾರಿ ತುಂಡಾಗುತ್ತದೆ. ಆಗ ಅದು ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ, ಬೆಕ್ಕು, ವಾಹನ.

ಆದ್ದರಿಂದ ಹೊಸ ಕಟ್ಟಡದ ನಕ್ಷೆಯಲ್ಲಿ ಮರವನ್ನು ಕಾಂಡದ ಒಂದು ಚುಕ್ಕೆಯಾಗಿ ಗುರುತಿಸಿದರೆ ಸಾಲದು. ಕೊಂಬೆ ಎಷ್ಟು ದೂರ ಹರಡಿದೆ, ಪಕ್ಕದ ಯಾವ ಮರಕ್ಕೆ ತಾಗಿದೆ ಅನ್ನುವುದನ್ನೂ ಬರೆಯಬೇಕು. ಬೇರು ಎಲ್ಲಿಯವರೆಗೆ ಹೋಗಿರಬಹುದು ಅಂತ ನೋಡಿ ಪಾಯ, ಪೈಪ್, ಕೇಬಲ್‌ಗೆ ಜಾಗ ಗೊತ್ತುಮಾಡಬೇಕು. ಕಟ್ಟಡವನ್ನು ಹತ್ತಡಿ ಆಚೆ ಸರಿಸಿದರೆ ಕೊಂಬೆಗಳ ದಾರಿ ಉಳಿಯುತ್ತದೆ ಅನ್ನುವುದಾದರೆ, ಆ ಹತ್ತಡಿಯ ಮಾತನ್ನು ಟೆಂಡರ್ ಕರೆಯುವ ಮೊದಲೇ ಆಡಬೇಕು. ಪಾಯ ತೋಡಿದ ಮೇಲೆ ಕಟ್ಟಡವನ್ನು ಸರಿಸಲು ಆಗುವುದಿಲ್ಲ.